ಇಪ್ಪತ್ನಾಲ್ಕನೇ ಪೊಟ್ಟಣ

"ದಾರಿ ಬಿಡಿ," ಎಂದ ಗಾಜಣ್ಣ. ಮುಖ ಎತ್ತಲಿಲ್ಲ.

ಇನ್ಸ್‌ಪೆಕ್ಟರ್ ಪಕ್ಕಕ್ಕೆ ಸರಿದಳು. ಸರಿಯಲು ಜಾಗವಾದರೂ ಎಲ್ಲಿತ್ತು? ಮಹಡಿಯ ಆ ಕೋಣೆಯ ಮೂರು ಗೋಡೆಗೂ ಕಬ್ಬಿಣದ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಗಾಜಿನ ಟ್ಯಾಂಕು, ನೆಲದ ತುಂಬ ಬಕೆಟ್ಟು. ಗಾಜಣ್ಣ ರಬ್ಬರ್ ಪೈಪಿನ ಒಂದು ತುದಿಯನ್ನು ಟ್ಯಾಂಕಿಗಿಳಿಸಿ, ಇನ್ನೊಂದನ್ನು ಬಾಯಲ್ಲಿಟ್ಟು ನೀರೆಳೆದು ಕೆಳಕ್ಕೆ ಬಿಟ್ಟ. ಅರ್ಧ ನೀರು ಬಕೆಟ್ಟಿಗೆ ಬಿತ್ತು, ಇನ್ನರ್ಧ ಅವಳ ಬೂಟಿನ ಮೇಲೆ. ಬೇಕೆಂದೇ ಮಾಡಿದನೋ ಏನೋ. ಮಾಡಿದ್ದರೂ ಕೇಳುವ ಬಾಯಿ ಅವಳಿಗಿರಲಿಲ್ಲ.

ಎರಡು ವಾರದ ಹಿಂದೆ ಇದೇ ಗಾಜಣ್ಣನನ್ನು ಅವಳು ಎರಡು ದಿನ ಲಾಕಪ್ಪಿನಲ್ಲಿ ಕೂರಿಸಿದ್ದಳು. ಬಣ್ಣದ ಮೀನಿನ ಅಂಗಡಿ ಅವನದು. ಟ್ಯಾಂಕುಗಳನ್ನು ತಾನೇ ಅಂಟಿಸಿ ಮಾಡುತ್ತಿದ್ದರಿಂದ ಆ ಹೆಸರು. ಅಂಗಡಿಯ ಮುಂದೆ ಅವನೂ ಈ ಮನೆಯ ಮೇಷ್ಟ್ರೂ ಕಿತ್ತಾಡಿದ್ದನ್ನು ಬೀದಿಯೇ ಕೇಳಿತ್ತು. ಆಮೇಲೆ ನೋಡಿದರೆ ಜಗಳದ ಮೂಲ ಇಷ್ಟೇ: ಅವನು ಕೊಟ್ಟ ಮುಚ್ಚಳದ ಗಾಜು ಅರ್ಧ ಇಂಚು ಕಡಿಮೆ ಬಂದು, ಆ ಸಂದಿಯಿಂದ ಒಂದು ಮೀನು ಹಾರಿ ನೆಲದ ಮೇಲೆ ಒಣಗಿ ಸತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದಂತಾಗಿತ್ತು.

ಒಂದನೇ ತಾರೀಖು ಮನೆಯಿಂದ ಕಾಣೆಯಾದ ಮೇಷ್ಟ್ರು ಹತ್ತಕ್ಕೆ ನಾಲೆಯಲ್ಲಿ ಹೆಣವಾಗಿ ಸಿಕ್ಕಿ, ಹನ್ನೆರಡಕ್ಕೆ ಮಣ್ಣಾಗಿದ್ದರು. ಇವತ್ತು ಇಪ್ಪತ್ತು.

"ಕಾಲು ಜಾರಿ ಬಿದ್ದ ಮುದುಕ," ಎಂದಿದ್ದರು ದೊಡ್ಡ ಸಾಹೇಬರು ಬೆಳಿಗ್ಗೆ. ಸಂಜೆ ಐದಕ್ಕೆ ಕಡತ ಮುಚ್ಚಿ ಮೇಜಿನ ಮೇಲೆ ಇಡಬೇಕೆಂದೂ, ಹಿಡಿದದ್ದನ್ನು ಬಿಡುವುದನ್ನೂ ಪೊಲೀಸರು ಕಲಿಯಬೇಕೆಂದೂ ಹೇಳಿದ್ದರು. ಠಾಣೆಯಲ್ಲಿ ಅವಳಿಗೆ ಬೆನ್ನ ಹಿಂದೆ ಜಿಗಣೆ ಎಂಬ ಹೆಸರಿರುವುದು ಸಾಹೇಬರಿಗೂ ಗೊತ್ತು. ಈಜು ಬಲ್ಲ, ನಾಲೆಯ ಕಡೆ ಎಂದೂ ಹೋಗದ ಮನುಷ್ಯ ಅಲ್ಲೇಕೆ ಹೋದ ಎಂಬ ಒಂದು ಪ್ರಶ್ನೆ ಬಿಟ್ಟರೆ ಹತ್ತೊಂಬತ್ತು ದಿನದ ದುಡಿಮೆಯಲ್ಲಿ ಅವಳು ಸಂಪಾದಿಸಿದ್ದು ಏನೂ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದಳು.

ಹೀಗೆ ಅವಳು ಬಂದದ್ದು ಒಂದು ಸಹಿಗೆ. ಜೊತೆಗಿದ್ದ ಹೆಡ್ ಕಾನ್‌ಸ್ಟೇಬಲ್ಲನ ಬಗಲಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಮೂರನೇ ತಾರೀಖು ಮಹಜರು ಮಾಡಿದಾಗ ಮೇಷ್ಟ್ರ ಬೀರುವಿನಿಂದ ತೆಗೆದು, ಒಳಗಿನ ಪೊಟ್ಟಣಗಳನ್ನು ಎಣಿಸಿ, ಅರಗು ಹಾಕಿ ಠಾಣೆಗೊಯ್ದಿದ್ದ ಡಬ್ಬಿ. ಅದನ್ನು ಹಿಂದಕ್ಕೆ ಕೊಟ್ಟು ಸೊಸೆಯ ಕೈಲಿ ರಸೀದಿ ಬರೆಸಿಕೊಂಡರೆ ಕಡತ ಮುಗಿಯಿತು.

ಮೇಷ್ಟ್ರ ಸೊಸೆ ಎದುರು ಗೋಡೆಯ ಟ್ಯಾಂಕಿನ ಮುಂದೆ ಮಂಡಿಯೂರಿದ್ದಳು. ಅವಳ ಗಂಡ, ಮೇಷ್ಟ್ರ ಮಗ, ಕೆಳಗಡೆ ಇದ್ದ. ಕೋಣೆ ಒಂದೇ ದಿನದಲ್ಲಿ ಖಾಲಿಯಾಗಬೇಕು, ಮೀನು ನೀರು ಎಲ್ಲ ಹೊತ್ತುಕೊಂಡು ಹೋಗು ಎಂದು ಗಾಜಣ್ಣನಿಗೆ ಹೇಳಿದ್ದವನು ಅವನೇ.

"ಎರಡು ನಿಮಿಷ ಮೇಡಂ, ಇದೊಂದನ್ನ ಹಿಡಿದುಬಿಡ್ತೀನಿ," ಎಂದಳು ಸೊಸೆ.

ಬೆರಳುದ್ದದ ಗಂಡು ಮೀನು. ಮೈ ನೀಲಿ, ಬಾಲ ಕೆಂಡ. ಸೊಸೆ ಒಂದು ಕೈಯಿಂದ ಬಲೆಯನ್ನು ಮೂಲೆಗೆ ಒತ್ತಿ, ಇನ್ನೊಂದು ಅಂಗೈಯನ್ನು ಬಲೆಯ ಬಾಯಿಗೆ ಮುಚ್ಚಳದಂತೆ ಹಿಡಿದು, ಮೀನು ಹಾರುವ ಮೊದಲೇ ಬಕೆಟ್ಟಿಗೆ ದಾಟಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಇನ್ಸ್‌ಪೆಕ್ಟರ್ ಅದನ್ನೇ ನೋಡುತ್ತ ನಿಂತಳು. 'ಮಾವನವರ ಮೀನಿನ ಗಂಧಗಾಳಿ ನನಗೆ ಗೊತ್ತಿಲ್ಲ, ನಾನು ಮೇಲೆ ಹತ್ತುವುದೂ ಇಲ್ಲ' ಎಂದು ಹೇಳಿಕೆ ಕೊಟ್ಟವಳು ಇವಳೇ.

ಅಷ್ಟರಲ್ಲಿ ಗಾಜಣ್ಣ ಕಿಟಕಿಯ ಕೆಳಗಿದ್ದ ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಕೈ ಹಾಕಿದ.

"ಅದು ಬೇಡ," ಎಂದಳು ಸೊಸೆ.

"ಎಲ್ಲಾ ಒಯ್ಯೋಕೆ ಹೇಳಿದಾರಲ್ಲ ತಾಯಿ?"

"ಅದು ಇಲ್ಲೇ ಇರಲಿ."

ದನಿಯಲ್ಲಿ ಏನೋ ಇತ್ತು. ಇನ್ಸ್‌ಪೆಕ್ಟರ್ ಬಕೆಟ್ಟುಗಳನ್ನು ದಾಟಿ ಹೋಗಿ ಟಬ್ಬಿನ ಮೇಲೆ ಬಾಗಿದಳು. ನಾಲ್ಕು ಬೆರಳು ಆಳದ ಕಂದು ನೀರು, ತಳದಲ್ಲಿ ಕೆಸರು. ಮತ್ತೇನೂ ಇಲ್ಲ. ಸಿಟ್ಟು ಬಂತು ಅವಳಿಗೆ, ತನ್ನ ಮೇಲೆಯೇ. ಕೆಸರು ನೋಡುತ್ತ ನಿಂತಿದ್ದೇನಲ್ಲ, ಗಡಿಯಾರ ಆಗಲೇ ಹನ್ನೊಂದು ದಾಟಿದೆ.

ಆಮೇಲೆ ಕೆಸರಿನ ಮೇಲೆ ಒಂದು ಗೆರೆ ಅಲ್ಲಾಡಿತು. ಕಣ್ಣು ಹೊಂದಿಕೊಂಡಂತೆ ಇನ್ನೊಂದು, ಮತ್ತೊಂದು. ಅಲ್ಪವಿರಾಮ ಚಿಹ್ನೆಗಳಿಗೆ ಕಣ್ಣು ಮೂಡಿ ಈಜಲು ಕಲಿತಂತಿತ್ತು.

"ಇವು ಮರಿಗಳಾ?" ಎಂದು ಕೇಳಿದಳು.

ಗಾಜಣ್ಣ ಉತ್ತರಿಸಬಾರದೆಂದೇ ಇದ್ದ. ಆದರೆ ಕುಡಿಯುವವನ ಮುಂದೆ ಹೆಂಡ ಇಟ್ಟಂತೆ, ಮೀನಿನವನ ಮುಂದೆ ಮರಿ. ಅವನೂ ಬಾಗಿದ, ಜೇಬಿನಿಂದ ಭೂತಗನ್ನಡಿ ತೆಗೆದ. ಮುನಿಸು ಮರೆತೇಹೋಯಿತು.

"ಮೊಟ್ಟೆಯೊಡೆದು ಮೂರು ದಿನ. ಹೆಚ್ಚಿಲ್ಲ, ಕಡಿಮೆಯಿಲ್ಲ," ಎಂದ. "ಹೊಟ್ಟೆ ಕಿತ್ತಳೆ ಬಣ್ಣಕ್ಕಿದೆ ನೋಡಿ. ಯಾರೋ ಹೊತ್ತುಹೊತ್ತಿಗೆ ಸೀಗಡಿ ಮರಿ ತಿನ್ನಿಸಿದಾರೆ."

"ಇದರ ಅಪ್ಪ ಅಮ್ಮ ಯಾವ ಟ್ಯಾಂಕಿನಲ್ಲಿವೆ?"

ಗಾಜಣ್ಣ ನಕ್ಕ. ಲಾಕಪ್ಪಿನಲ್ಲಿ ತನ್ನನ್ನು ಬೆವರಿಳಿಸಿದ ಹೆಂಗಸು ಇಷ್ಟು ತಿಳಿಯದವಳು ಎಂಬ ತೃಪ್ತಿ ಆ ನಗುವಿನಲ್ಲಿತ್ತು. ಆಮೇಲೆ, ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವವನಂತೆ, ನಿಧಾನವಾಗಿ ಬಿಡಿಸಿ ಹೇಳಿದ. ಇವು ಕಿಲ್ಲಿ ಮೀನು. ಮಳೆ ಬಂದಾಗ ತುಂಬಿ ಬೇಸಿಗೆಗೆ ಒಣಗುವ ಹೊಂಡದಲ್ಲಿ ಹುಟ್ಟುವ ಜಾತಿ. ನೀರು ಬತ್ತುವ ಮೊದಲು ಕೆಸರಿನಲ್ಲಿ ಮೊಟ್ಟೆ ಹುದುಗಿಸಿ ದೊಡ್ಡವೆಲ್ಲ ಸತ್ತುಹೋಗುತ್ತವೆ. ಮೊಟ್ಟೆ ಮಾತ್ರ ಒಣ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾದಿದ್ದು, ಮುಂದಿನ ಮಳೆಯ ನೀರು ತಾಗಿದರೆ ಗಂಟೆಗಳಲ್ಲಿ ಒಡೆಯುತ್ತದೆ. ಮನೆಯಲ್ಲಿ ಸಾಕುವವರು ಟ್ಯಾಂಕಿನೊಳಗೆ ತೆಂಗಿನ ನಾರಿನ ಪುಡಿ ತುಂಬಿದ ಬಟ್ಟಲು ಇಡುತ್ತಾರೆ. ಮೀನು ಅದರಲ್ಲಿ ಮೊಟ್ಟೆಯಿಟ್ಟ ಮೇಲೆ ಪುಡಿಯನ್ನು ಹಿಂಡಿ, ಆರಿಸಿ, ಪ್ಲಾಸ್ಟಿಕ್ ಪೊಟ್ಟಣ ಕಟ್ಟಿ ಕತ್ತಲಲ್ಲಿಡುತ್ತಾರೆ. ಹೊತ್ತು ಬಂದಾಗ ನೀರು ಹುಯ್ದರೆ ಮರಿ.

"ಅಂದರೆ ಮೂರು ದಿನದ ಹಿಂದೆ ಇಲ್ಲಿ ಯಾರೋ ಒಂದು ಪೊಟ್ಟಣ ಒಡೆದು ನೀರು ಹುಯ್ದಿದಾರೆ," ಎಂದಳು ಇನ್ಸ್‌ಪೆಕ್ಟರ್.

"ಬೇರೆ ದಾರಿಯಿಲ್ಲ."

"ಪೊಟ್ಟಣ ಎಲ್ಲಾ ನಮ್ಮ ಹತ್ತಿರ ಇದ್ದವಲ್ಲ?"

ಹೆಡ್ ಕಾನ್‌ಸ್ಟೇಬಲ್ ಆಗಲೇ ಡಬ್ಬಿಯನ್ನು ಕೆಳಗಿಟ್ಟು ಅರಗು ಒಡೆಯುತ್ತಿದ್ದ. ನೆಲದ ಮೇಲೆ ಸಾಲಾಗಿ ಜೋಡಿಸಿದ. ಪ್ರತಿ ಪೊಟ್ಟಣದಲ್ಲೂ ಕಾಫಿಪುಡಿಯಂಥ ಒಣ ನಾರಿನ ಪುಡಿ, ಹೊರಗೆ ಅಂಟಿಸಿದ ಚೀಟಿ. ಇಪ್ಪತ್ಮೂರು. ಮಹಜರಿನಲ್ಲೂ ಇಪ್ಪತ್ಮೂರು.

"ಅವತ್ತು ನಾನೇ ಎರಡು ಸಲ ಎಣಿಸಿದ್ದು ಮೇಡಂ," ಎಂದ ಅವನು. "ನಂಬಿಕೆ ಸಾಲದೆ ನೀವು ಮೂರನೇ ಸಲ ಎಣಿಸಿದ್ರಿ."

ಹಾಗಾದರೆ ಇಪ್ಪತ್ನಾಲ್ಕನೆಯದು ಎಲ್ಲಿಂದ ಬಂತು?

ಗಾಜಣ್ಣ ಟಬ್ಬಿನ ತಳದಿಂದ ಒಂದು ಚಿಟಿಕೆ ಕೆಸರು ತೆಗೆದು ಎರಡು ಬೆರಳ ನಡುವೆ ಉಜ್ಜಿದ. ಮತ್ತೆ ಉಜ್ಜಿದ. ಅವನ ಮುಖ ಬದಲಾಯಿತು.

"ಇದು ನಾರಿನ ಪುಡಿ ಅಲ್ಲ. ಹೊಂಡದ ಮಣ್ಣು."

ಅದರಲ್ಲೇನು ಅಂಥ ವಿಶೇಷ ಎಂದು ಅವಳಿಗೆ ಹೊಳೆಯಲಿಲ್ಲ. ಅವನು ಹೇಳಿದ. ಈ ಸೀಮೆಯಲ್ಲಿ ಕಿಲ್ಲಿ ಎಂದರೆ ಕೆಂಡದ ಬಾಲದ ಈ ಕೆಂಬಾಲ ಒಂದೇ, ಅದಿದ್ದದ್ದೂ ಒಂದೇ ಹೊಂಡದಲ್ಲಿ. ನಾಲ್ಕು ವರ್ಷದ ಹಿಂದೆ ಆ ಹೊಂಡಕ್ಕೆ ಮಣ್ಣು ತುಂಬಿ ಗೋಡೌನು ಕಟ್ಟಿದರು. ಲಾರಿಗಳು ಮಣ್ಣು ಸುರಿಯುತ್ತಿದ್ದಾಗಲೇ ಮೇಷ್ಟ್ರು ಇಳಿದು ಎರಡು ಬಕೆಟ್ ಕೆಸರು ಹೊತ್ತುತಂದಿದ್ದರು. ಈ ಕೋಣೆಯ ಕೆಂಬಾಲಗಳೆಲ್ಲ ಆ ಎರಡು ಬಕೆಟ್ಟಿನ ಸಂತತಿ. ಇನ್ನೊಂದು ಹೊಂಡ ಎಲ್ಲಾದರೂ ಇದ್ದೀತೆಂದು ಅಂದಿನಿಂದ ಅವರು ಸೈಕಲ್ಲಿನಲ್ಲಿ ಸುತ್ತದ ಬಯಲಿಲ್ಲ. ಸಿಕ್ಕಿರಲಿಲ್ಲ.

"ಈಗ ಸಿಕ್ಕಿದೆ," ಎಂದ ಗಾಜಣ್ಣ. "ಯಾರಿಗೋ."

ಇನ್ಸ್‌ಪೆಕ್ಟರ್ ಸೊಸೆಯ ಕಡೆ ತಿರುಗಿದಳು. ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು, ಕೈ ಒಣಗಿ ಎಷ್ಟೋ ಹೊತ್ತಾಗಿದ್ದರೂ.

ಒಂದೊಂದೇ ಮಾತನ್ನು ಎಳೆದು ತೆಗೆಯಬೇಕಾಯಿತು. ಮೀನು ಗೊತ್ತಿಲ್ಲ ಎಂದದ್ದು ಸುಳ್ಳು. ಮದುವೆಯಾಗಿ ಬಂದ ವರ್ಷದಿಂದಲೇ ಮಾವ ಅವಳಿಗೆ ಕೆಲಸ ಕಲಿಸಿದ್ದರು: ನೀರು ಹದ ಮಾಡುವುದು, ಗಾಳಿ ಪಂಪಿನ ಗುಳ್ಳೆಯನ್ನು ಮರಿಗೆ ತಕ್ಕಂತೆ ಸಣ್ಣಗೆ ಇಳಿಸುವುದು, ಮೊಟ್ಟೆಯನ್ನು ಬೆರಳ ತುದಿಯಲ್ಲಿ ಒತ್ತಿ ಜೀವವಿದೆಯೋ ಇಲ್ಲವೋ ನೋಡುವುದು. ಗಂಡನಿಗೆ ಮೀನೆಂದರೆ ಆಗದು. ತಾಯಿ ಕಾಯಿಲೆ ಬಿದ್ದಾಗಲೂ ಅಪ್ಪ ಟ್ಯಾಂಕಿನ ಮುಂದೆಯೇ ಕೂತಿದ್ದರೆಂಬ ಕಹಿ. ಮೀನಿನ ವಿಷಯ ಪೊಲೀಸರ ಮುಂದೆ ಎತ್ತಬೇಡ, ಸುಮ್ಮನೆ ಎಳೆದಾಡುತ್ತಾರೆ ಎಂದಿದ್ದನಂತೆ.

"ಈ ಪೊಟ್ಟಣ ಯಾರು ಕೊಟ್ಟಿದ್ದು?"

"ಇವರೇ," ಎಂದಳು ಸೊಸೆ. ಗಂಡನೇ. "ಹದಿನಾರನೇ ತಾರೀಖು ಸಂಜೆ. ಅಪ್ಪನ ಬೀರುವಿನಲ್ಲಿ ಸಿಕ್ತು, ಬೇಕಾದರೆ ಇಟ್ಕೋ ಅಂದ್ರು. ಮಾವ ಕೈಯಾರೆ ಕಟ್ಟಿದ ಕೊನೆ ಪೊಟ್ಟಣ ಅಂತ ಮಾರನೇ ದಿನವೇ ನೀರು ಹುಯ್ದೆ. ಬೇರೇನೂ ಗೊತ್ತಿಲ್ಲ ಮೇಡಂ."

ಬೀರುವನ್ನು ಮೂರನೇ ತಾರೀಖೇ ಪೊಲೀಸರು ತಳ ಬಳಿದು ಖಾಲಿ ಮಾಡಿದ್ದರು.

ಪೊಟ್ಟಣದ ಹೊರಗೆ ಏನಾದರೂ ಬರೆದಿತ್ತೇ ಎಂದು ಕೇಳಿದರೆ, ಬರಿದಾಗಿತ್ತು ಎಂದಳು. ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿದಳು. ಹತ್ತೊಂಬತ್ತು ದಿನಕ್ಕೆ ಸಿಕ್ಕ ಮೊದಲ ದಾರದ ತುದಿ, ಅದೂ ಕೈಯಲ್ಲೇ ಕಡಿಯಿತು. ಮಗ ಇನ್ನೊಂದು ಸುಳ್ಳು ಹೆಣೆದರೆ ಆಯಿತು.

"ಹೊರಗೆ ಬೇಡ, ಒಳಗೆ ನೋಡಿ," ಎಂದ ಗಾಜಣ್ಣ. "ಮೇಷ್ಟ್ರು ಪೊಟ್ಟಣದೊಳಗೂ ಒಂದು ಚೀಟಿ ಹಾಕ್ತಿದ್ರು. ಪೆನ್ಸಿಲ್ಲಿನಲ್ಲಿ ಬರೆದು. ಇಂಕು ತೇವಕ್ಕೆ ಅಳಿಸುತ್ತೆ, ಪೆನ್ಸಿಲ್ ಅಳಿಸಲ್ಲ ಅನ್ನೋರು."

ಸೊಸೆ ಮಣ್ಣನ್ನು ಹಾಗೆಯೇ ಬೋರಲು ಸುರಿದಿದ್ದಳು. ಚೀಟಿ ಇದ್ದರೆ ಕೆಸರಿನಲ್ಲೇ ಇರಬೇಕು.

ಇನ್ಸ್‌ಪೆಕ್ಟರ್ ತೋಳು ಮಡಚಿ ಟಬ್ಬಿಗೆ ಕೈ ಹಾಕಹೋದಳು. ಗಾಜಣ್ಣನೂ ಸೊಸೆಯೂ ಒಟ್ಟಿಗೇ ಅಡ್ಡ ಬಂದರು. ಕೆಸರು ಕಲಕಿದರೆ ಮರಿಗಳು ಉಸಿರುಕಟ್ಟಿ ಸಾಯುತ್ತವಂತೆ. ಮೊದಲು ಮರಿಗಳನ್ನು ದಾಟಿಸಬೇಕು, ಬಲೆಯಲ್ಲಿ ಅಲ್ಲ, ಚಮಚದಲ್ಲಿ, ಒಂದೊಂದಾಗಿ, ಮೊದಲಿನ ನೀರಿನ ಸಮೇತ.

"ಎಷ್ಟಿವೆ?"

"ನಲವತ್ತು, ಐವತ್ತು," ಎಂದ ಗಾಜಣ್ಣ. "ನೀವು ಕೂತ್ಕೊಳ್ಳಿ ಮೇಡಂ. ನಾನು ಎರಡು ದಿನ ಕೂತಿರಲಿಲ್ವಾ?"

ಅವಳು ಕೂತಳು. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ. ಸೊಸೆ ಚಮಚ ಮುಳುಗಿಸುವಳು, ಮರಿ ತಪ್ಪಿಸಿಕೊಳ್ಳುವುದು, ಮತ್ತೆ ಮುಳುಗಿಸುವಳು. ದೊಡ್ಡ ಸಾಹೇಬರ ಫೋನು ಎರಡು ಸಲ ಬಂತು. ಎರಡು ಸಲವೂ ಅವಳು ಎತ್ತಲಿಲ್ಲ. ಕೆಳಗಿನಿಂದ ಮಗ ಒಮ್ಮೆ ಕೂಗಿ ಕೇಳಿದ, ಇನ್ನೂ ಎಷ್ಟು ಹೊತ್ತು ಎಂದು. ಹೆಡ್ ಕಾನ್‌ಸ್ಟೇಬಲ್ ಮೆಟ್ಟಿಲ ಬಳಿ ನಿಂತು, ಎಣಿಕೆ ನಡೀತಿದೆ ಸಾರ್, ಎಂದ. ಅದೇನೂ ಸುಳ್ಳಲ್ಲ, ಸೊಸೆ ಆಗ ಹದಿನೇಳನೆಯದನ್ನು ಹಿಡಿದಿದ್ದಳು.

ನಲವತ್ನಾಲ್ಕು ಮರಿ ದಾಟಿದ ಮೇಲೆ ಗಾಜಣ್ಣ ಕೆಸರನ್ನು ಬಟ್ಟೆಗೆ ಸುರಿದು ಸೋಸಿದ. ಒಂದು ಬಸವನಹುಳುವಿನ ಚಿಪ್ಪು ಸಿಕ್ಕಿತು. ಒಂದು ಹುಲ್ಲಿನ ಬೇರು. ಆಮೇಲೆ, ನಾಲ್ಕಾಗಿ ಮಡಚಿದ, ಹೆಬ್ಬೆರಳಿನ ಉಗುರಿನಷ್ಟಗಲದ ದಪ್ಪ ಹಾಳೆ.

ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಉಗುರಿನ ತುದಿಯಿಂದ ಬಿಡಿಸಿದಳು. ಪೆನ್ಸಿಲ್ ಅಕ್ಷರ ಒಂದೂ ಅಳಿಸಿರಲಿಲ್ಲ.

'ಕೆಂಬಾಲ. ಹೊಸ ಹೊಂಡ. ಒಂದು ಗೇಣು ಆಳದ ಮಣ್ಣು.' ಕೆಳಗೆ ತಾರೀಖು. ತಿಂಗಳು, ವರ್ಷ ಎಲ್ಲ ಬರೆದಿತ್ತು. ಇದೇ ತಿಂಗಳ ಹದಿನಾಲ್ಕು.

ಗಾಳಿ ಪಂಪು ಒಂದೇ ಸಮನೆ ಗೊರಗುಟ್ಟುತ್ತಿತ್ತು.

"ನಾವು ಮಣ್ಣು ಮಾಡಿದ್ದು ಹನ್ನೆರಡಕ್ಕೆ," ಎಂದ ಹೆಡ್ ಕಾನ್‌ಸ್ಟೇಬಲ್, ತನಗೆ ತಾನೇ ಹೇಳಿಕೊಂಡಂತೆ.

ಡಬ್ಬಿಯ ಪೊಟ್ಟಣಗಳಿಂದ ಮೂರು ಚೀಟಿ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಅದೇ ಹಾಳೆ, ಅದೇ ಬಾಗಿದ ಬರಹ, ನಾಲ್ಕರ ಅಂಕಿಗೆ ಅದೇ ಉದ್ದ ಬಾಲ. ಸೊಸೆಗೆ ತೋರಿಸುವ ಅಗತ್ಯವೂ ಇರಲಿಲ್ಲ. ಅವಳು ಆಗಲೇ ಇಣುಕಿ ಓದಿದ್ದಳು.

"ಮಾವ ಇದಾರಾ?" ಎಂದು ಕೇಳಿದಳು.

ಇನ್ಸ್‌ಪೆಕ್ಟರ್ ಅವಳ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು, ಚೀಟಿ ತೆಗೆದುಕೊಂಡು ಕೆಳಗಿಳಿದಳು.

ಮಗ ಊಟದ ಮೇಜಿನ ಮುಂದೆ ಕೂತಿದ್ದ. ಕನ್ನಡಕದ ಅಂಗಡಿ ಅವನದು. ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಯಾರದೋ ಫ್ರೇಮಿಗೆ ಸಾಸಿವೆಯಷ್ಟು ಸ್ಕ್ರೂ ಕೂರಿಸುತ್ತಿದ್ದ. ನಾಲೆಯ ಹೆಣ ತಮ್ಮಪ್ಪನದೇ ಎಂದು ಗುರುತಿಸಿದವನು ಇವನೇ. ಒಂಬತ್ತು ದಿನ ನೀರಲ್ಲಿ ನೆನೆದ ಮುಖ ಯಾರಿಗೂ ಗುರುತು ಸಿಗುವಂತಿರಲಿಲ್ಲ. ಆದರೆ ಅಂಗಿಯ ಜೇಬಿನಲ್ಲಿ ಕನ್ನಡಕವಿತ್ತು. ನಾನೇ ಅರೆದು ಕೂರಿಸಿದ ಗಾಜು ಎಂದು ಮಗ ಹೇಳಿದ ಮೇಲೆ ಇನ್ನೊಂದು ಸಾಕ್ಷಿ ಯಾರೂ ಕೇಳಲಿಲ್ಲ. ಅವಳೂ ಕೇಳಿರಲಿಲ್ಲ.

"ಸಹಿ ಆಯ್ತಾ ಮೇಡಂ?"

ಅವಳು ಎದುರಿನ ಕುರ್ಚಿ ಎಳೆದು ಕೂತಳು. ಹೆಡ್ ಕಾನ್‌ಸ್ಟೇಬಲ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಹದಿನಾರನೇ ತಾರೀಖು ಹೆಂಡತಿಗೆ ಒಂದು ಪೊಟ್ಟಣ ಕೊಟ್ರಿ. ಎಲ್ಲಿತ್ತು?"

"ಅಪ್ಪನ ಬೀರುವಿನಲ್ಲಿ."

"ಬೀರುವಿನಲ್ಲಿ ಏನೂ ಉಳಿದಿರಲಿಲ್ಲ. ಮಹಜರಿಗೆ ನೀವೇ ಸಹಿ ಹಾಕಿದೀರಿ."

"ಹಾಗಾದರೆ ಮೇಜಿನ ಕೆಳಗೆ ಎಲ್ಲೋ. ನೆನಪಿಲ್ಲ." ಸ್ಕ್ರೂ ಅರ್ಧ ಸುತ್ತು ತಿರುಗಿತು. "ಮೀನಿನ ಕಸ ಮನೆ ತುಂಬ ಇದೆ ಮೇಡಂ. ಯಾವುದು ಎಲ್ಲಿತ್ತು ಅಂತ ಯಾರು ನೆನಪಿಡ್ತಾರೆ?"

ಹತ್ತೊಂಬತ್ತು ದಿನದಿಂದ ಅವಳು ಕೇಳಿದ್ದೆಲ್ಲ ಇಂಥದೇ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಅವಳು ಇನ್ನು ಪ್ರಶ್ನೆ ಕೇಳಲಿಲ್ಲ. ಒದ್ದೆ ಚೀಟಿಯನ್ನು ಅವನ ಕೈಯ ಮುಂದೆ ಇಟ್ಟಳು.

ಅವನು ಓದಿದ. ಸ್ಕ್ರೂಡ್ರೈವರ್ ಕೆಳಗಿಟ್ಟ. ತನ್ನ ಕನ್ನಡಕ ತೆಗೆದು, ಒರೆಸಲೆಂದು ಬಟ್ಟೆ ಎತ್ತಿಕೊಂಡು, ಒರೆಸದೆ ಹಾಗೇ ಹಿಡಿದುಕೊಂಡ.

"ಒಳಗೂ ಚೀಟಿ ಹಾಕಿದ್ರಾ?" ಎಂದ ಕೊನೆಗೆ. ಕೇಳಿದ್ದು ಅವಳನ್ನಲ್ಲ.

"ನಿಮ್ಮಪ್ಪ ಎಲ್ಲಿದಾರೆ?"

"ಹೇಳಲ್ಲ."

"ಹೇಳಿಸೋದು ನನಗೆ ಗೊತ್ತಿದೆ."

"ಗೊತ್ತಿರಬಹುದು. ಆದರೂ ಹೇಳಲ್ಲ." ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ, ಸೊಕ್ಕೂ ಇರಲಿಲ್ಲ. ದಣಿವಿತ್ತು. "ಈ ಕಡತ ಮುಚ್ಚಿಬಿಡಿ ಮೇಡಂ. ಅಪ್ಪ ಸತ್ತರು ಅಂತ ಊರು ನಂಬಿದೆ. ನನ್ನ ಹೆಂಡತಿ ಅತ್ತು ಮುಗಿಸಿದಾಳೆ. ನೀವು ಅವರನ್ನ ಹುಡುಕಿದರೆ ಯಾರಿಗೂ ಒಳ್ಳೇದಾಗಲ್ಲ. ಅವರಿಗಂತೂ ಮೊದಲೇ ಆಗಲ್ಲ."

"ಒಬ್ಬ ಮನುಷ್ಯನನ್ನ ನಿಮ್ಮಪ್ಪನ ಹೆಸರಲ್ಲಿ ಮಣ್ಣು ಮಾಡಿದೀವಿ," ಎಂದಳು ಇನ್ಸ್‌ಪೆಕ್ಟರ್. ತನ್ನ ದನಿ ಏರುತ್ತಿದೆ ಎಂದು ಅವಳಿಗೆ ಗೊತ್ತಾಯಿತು, ಇಳಿಸಲು ಹೋಗಲಿಲ್ಲ. "ಅವನಿಗೂ ಮನೆಯಿದ್ದೀತು. ಅವನಿಗಾಗಿಯೂ ಯಾರೋ ಯಾವುದೋ ಠಾಣೆಯಲ್ಲಿ ಕಾದು ಕೂತಿರಬಹುದು. ಯಾರು ಅವನು?"

"ಹೆಸರು ಗೊತ್ತಿಲ್ಲ."

"ಹಾಗಾದರೆ ನೀವು ಅರೆದ ಕನ್ನಡಕ ಅವನ ಜೇಬಿಗೆ ಹೇಗೆ ಬಂತು? ನೀವಿಟ್ರಾ?"

ಮೆಟ್ಟಿಲ ಮೇಲೆ ಸದ್ದಾಯಿತು. ಸೊಸೆ ಅರ್ಧಕ್ಕೆ ಇಳಿದು ಕಂಬಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಒದ್ದೆ ತೋಳಿನ ಗಾಜಣ್ಣ. ಮಗ ಹೆಂಡತಿಯನ್ನು ನೋಡಿದ. ಅವಳ ಮುಂದೆ ಇದನ್ನು ಹೇಳಬಾರದೆಂದು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವನಂತೆ ಕಂಡ. ಬರಿಗಣ್ಣು ಕೆಂಪಾಗಿತ್ತು.

"ನಾನಲ್ಲ," ಎಂದ. "ಅಪ್ಪನೇ ಇಟ್ಟಿದ್ದು. ನಾನು ನಾಲೆ ಹತ್ತಿರ ಹೋಗೋ ಹೊತ್ತಿಗೆ ಇಡ್ತಾ ಇದ್ರು."

ಅವನು ಕನ್ನಡಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಆಗ ಅವನಿನ್ನೂ ಉಸಿರಾಡ್ತಿದ್ದ."